ಹೊಡೆದನೋ, ಹೊಡೆದಳೋ

ಹೋದ ತಿಂಗಳು ತಂಗಿಯ ಮೊಮ್ಮಗಳ ಜೊತೆ ಬೆಂಗಳೂರಿಗೆ ಹೊರಟಿದ್ದೆ. ಚನ್ನರಾಯಪಟ್ಟಣ ದಾಟಿದ ಮೇಲೆ ಹೆದ್ದಾರಿ ಪಕ್ಕದ ಒಂದು ಹೋಟೆಲಿನ ಮುಂದೆ ಅವಳು ಕಾರು ನಿಲ್ಲಿಸಿದಳು. ಬಾಗಿಲ ಬಳಿ ಅಲಂಕಾರಕ್ಕೆಂದು ಹಳೆಯ ಎತ್ತಿನ ಗಾಡಿಯೊಂದನ್ನು ಇಟ್ಟಿದ್ದರು. ಮಕ್ಕಳು ಅದರ ಮೇಲೆ ಹತ್ತಿ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಹಾದು ಹೋಗುವಾಗ ಕೀಲೆಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಯಾರೋ ಬಲ್ಲವರು ಹರಳೆಣ್ಣೆಗೆ ಸುಟ್ಟ ಹುಲ್ಲಿನ ಬೂದಿ ಕಲೆಸಿ, ಹಿಂದಿನವರು ಹಚ್ಚುತ್ತಿದ್ದ ಹಾಗೇ ಗಾಲಿಯ ಅಚ್ಚಿಗೆ ಹಚ್ಚಿದ್ದರು. ನಾನು ಅಲ್ಲೇ ನಿಂತುಬಿಟ್ಟೆ. "ಅಜ್ಜಿ, ಕಾಲು ನೋವಾ?" ಎಂದಳು ಹುಡುಗಿ. ಇಲ್ಲ ಎಂದೆ. ಕಾಲು ನೋವಲ್ಲ... ಒಂದು ಕಾಲಕ್ಕೆ ಅದು ನನ್ನ ಪಕ್ಕದ ಮನೆಯ ವಾಸನೆ.

ಅರವತ್ತರ ದಶಕದ ಆರಂಭದಲ್ಲಿ ನಾನು ನರ್ಸಾಗಿ ಹೊಳೆನರಸೀಪುರಕ್ಕೆ ಬಂದೆ. ಮದುವೆಯಾಗಿರಲಿಲ್ಲ. ಒಂಟಿ ಹೆಂಗಸಿಗೆ ಮನೆ ಕೊಡುವವರು ಕಡಿಮೆ. ಕೊನೆಗೆ ಹೊಳೆಯ ಕಡೆ ಇಳಿಯುವ ಬೀದಿಯಲ್ಲಿ ಎರಡು ಅಂಕಣದ ಒಂದು ಹೆಂಚಿನ ಮನೆ ಸಿಕ್ಕಿತು. ಪಕ್ಕದ ಮನೆಯವನು ಗಾಡಿ ಹೊಡೆಯುತ್ತಿದ್ದ. ಬೀದಿಗೆಲ್ಲ ಅವನು ಗಾಡಿಯಣ್ಣ. ನನಗೂ ಗಾಡಿಯಣ್ಣ.

ನಲವತ್ತರ ಆಸುಪಾಸಿನ ಆಳು. ಮೊಣಕಾಲಿನವರೆಗೆ ಪಂಚೆ, ಮೇಲೆ ದೊಗಳೆ ಖಾಕಿ ಅಂಗಿ, ತಲೆಗೆ ಟವಲು. ಬೀಡಿ ಸೇದುತ್ತಿದ್ದ, ಕುಡಿಯುತ್ತಿರಲಿಲ್ಲ. ಆಲೂಗಡ್ಡೆಯ ಕಾಲದಲ್ಲಿ ಹಾಸನಕ್ಕೆ ಬಾಡಿಗೆ, ಉಳಿದ ದಿನ ಇಟ್ಟಿಗೆ, ಮರಳು, ಸೌದೆ, ಏನು ಸಿಕ್ಕರೂ ಸರಿ. ಆಸ್ಪತ್ರೆಗೆ ಅವನ ಗುರುತಿದ್ದದ್ದು ಬೇರೆ ಕಾರಣಕ್ಕೆ. ಸುತ್ತಿನ ಹಳ್ಳಿಗಳಲ್ಲಿ ಹೆರಿಗೆ ಕಷ್ಟವಾದರೆ ಜನ ಅವನಿಗೇ ಹೇಳಿ ಕಳಿಸುತ್ತಿದ್ದರು. ಗಾಡಿಯೊಳಗೆ ಮೆತ್ತೆಯಂತೆ ಹುಲ್ಲು ಹರಡಿ, ಮೇಲೆ ಕಂಬಳಿ ಹಾಸಿ, ಎತ್ತುಗಳ ಮೂಗುದಾರ ಹಿಡಿದು ಹಳ್ಳದಿಣ್ಣೆ ತಪ್ಪಿಸಿಕೊಂಡು ನಡೆದೇ ಬರುತ್ತಿದ್ದ. ಆಸ್ಪತ್ರೆಯ ಗೇಟಿನಿಂದಲೇ ಕೂಗುತ್ತಿದ್ದ. "ನರ್ಸಮ್ಮಾ, ಬಸ್ರಿ ಕರ್ಕಂಡ್ ಬಂದಿವ್ನಿ, ಬಿರ್ನೆ ಬನ್ನಿ!"

ಹುಟ್ಟುವಾಗ ಅವನು ಹೆಣ್ಣು. ಇದನ್ನು ಇಲ್ಲೇ ಹೇಳಿಬಿಡುತ್ತೇನೆ. ಹಳ್ಳಿಮೈಸೂರಿನ ಕಡೆಯ ಒಬ್ಬ ಗಾಡಿಯವನಿಗೆ ಗಂಡು ಮಕ್ಕಳಿರಲಿಲ್ಲ. ಇದ್ದೊಬ್ಬ ಮಗಳಿಗೆ ಸಣ್ಣದರಲ್ಲೇ ಹರಕೆಯ ಮುಡಿ ಕೊಟ್ಟು, ಚಡ್ಡಿ ಹಾಕಿ, ಕೈಗೆ ಬಾರುಕೋಲು ಕೊಟ್ಟನಂತೆ. ಆ ಮಗು ಮತ್ತೆ ಕೂದಲು ಬಿಡಲಿಲ್ಲ, ಸೀರೆ ಉಡಲಿಲ್ಲ. ಅಪ್ಪ ಸತ್ತ ಮೇಲೆ ಗಾಡಿ ಹೂಡಿಕೊಂಡು ಇಲ್ಲಿಗೆ ಬಂದಾಗ ಅದು ಗಂಡಸಾಗಿಯೇ ಬಂತು. ಬೀದಿಯ ಹಿರಿಯರಿಗೆ ಇದೆಲ್ಲ ಅಲ್ಪಸ್ವಲ್ಪ ತಿಳಿದಿತ್ತು. ಒಮ್ಮೆ ಅವನಿಗೆ ಭಾರಿ ಜ್ವರ ಬಂದು ನಾನು ಇಂಜೆಕ್ಷನ್ ಕೊಡಲು ಹೋದಾಗ ನನಗೂ ತಿಳಿಯಿತು. ನನಗೆ ತಿಳಿಯಿತೆಂಬುದು ಅವನಿಗೂ ತಿಳಿಯಿತು. ಗೋಡೆಯ ಕಡೆ ಮುಖ ತಿರುಗಿಸಿಕೊಂಡ. "ಬೆಳಗ್ಗೆ ಗಂಜಿ ಕುಡಿ ಅಣ್ಣ, ಬರೀ ಹೊಟ್ಟೆಯಲ್ಲಿ ಮಾತ್ರೆ ನುಂಗಬೇಡ" ಎಂದು ಬಂದೆ. ಆಮೇಲೆ ಆ ಮಾತು ನಮ್ಮಿಬ್ಬರ ನಡುವೆ ಬರಲೇ ಇಲ್ಲ. ಬರಬೇಕಾದ ಅಗತ್ಯವೂ ಇರಲಿಲ್ಲ.

ಹಳೇಕೋಟೆಯ ಕಡೆಯಿಂದ ಅವನು ಹೆರಿಗೆಗೆ ತಂದ ಹೆಂಗಸರಲ್ಲಿ ಒಬ್ಬಳು ನನಗೆ ಚೆನ್ನಾಗಿ ನೆನಪಿದ್ದಾಳೆ. ಮಗು ಅಡ್ಡ ತಿರುಗಿತ್ತು. ತಾಯಿ ಮಗು ಇಬ್ಬರೂ ಉಳಿದದ್ದು ಅವನು ಹೊತ್ತಿಗೆ ಸರಿಯಾಗಿ ತಂದದ್ದರಿಂದ. ಅವಳ ಗಂಡ ನಮ್ಮೂರ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ. ನಗುಮುಖದ ಮನುಷ್ಯ, ಒಂದಿಷ್ಟು ಹೆಚ್ಚು ಮಾತು. ಮಗು ಹುಟ್ಟಿದ ದಿನ ಆಸ್ಪತ್ರೆಯ ಜಗಲಿಯಲ್ಲಿ ಗಾಡಿಯಣ್ಣನ ಕಾಲಿಗೆ ಬಿದ್ದಿದ್ದ.

ಅದೇ ಮನುಷ್ಯ ಮುಂದಿನ ವರ್ಷ ಗಾಡಿಯಣ್ಣನ ಕೈಯಲ್ಲಿ ಸತ್ತ.

ನಾನು ಅಲ್ಲಿರಲಿಲ್ಲ. ಆಮೇಲೆ ನೋಡಿದವರೆಲ್ಲ ಒಂದೇ ರೀತಿ ಹೇಳಿದರು. ಸಂತೆಯ ದಿನ ಮಧ್ಯಾಹ್ನ, ಹೊಳೆ ದಂಡೆಯ ಗಾಡಿ ಅಡ್ಡೆಯಲ್ಲಿ ಮೂಟೆ ಹೊರುವವರು ಹೆಂಡ ಕುಡಿದು ಕೂತಿದ್ದರು. ಗಾಡಿಯಣ್ಣ ಎತ್ತುಗಳಿಗೆ ನೀರು ಕುಡಿಸಿ ಬಂದ. ಯಾರೋ ಪಂದ್ಯ ಕಟ್ಟಿದರು, ಇವನು ಗಂಡೋ ಹೆಣ್ಣೋ ನೋಡೇಬಿಡೋಣ ಎಂದು. ಎದ್ದು ಬಂದವನು ಆ ಹಳೇಕೋಟೆಯ ಕಡೆಯವನು. ನಗುತ್ತಲೇ ಬಂದನಂತೆ, ನಗುತ್ತಲೇ ಹಿಂದಿನಿಂದ ಪಂಚೆಗೆ ಕೈ ಹಾಕಿ ಎಳೆದನಂತೆ. ಗಾಡಿಯಣ್ಣ ಒಂದು ಕೈಯಲ್ಲಿ ಪಂಚೆ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಗಾಡಿಯ ಗೂಟ ಕಿತ್ತು ತಲೆಗೆ ಬಾರಿಸಿದ. ಅವನು ಬಿದ್ದ. ಬಿದ್ದವನ ಮೇಲೆ ಇನ್ನೊಂದು ಏಟು ಹಾಕಿದ.

ಸುತ್ತಲಿದ್ದವರು ಓಡಿದರು. ಗಾಡಿಯಣ್ಣ ಓಡಲಿಲ್ಲ. ಗೂಟ ಎಸೆದು, ಬಿದ್ದವನನ್ನು ತಾನೊಬ್ಬನೇ ಎತ್ತಿ ತನ್ನ ಗಾಡಿಯಲ್ಲೇ ಮಲಗಿಸಿ, ಎತ್ತು ಹೂಡಿ, ಜೀವನದಲ್ಲಿ ಎಂದೂ ಹೊಡೆಯದಷ್ಟು ಜೋರಾಗಿ ಹೊಡೆದುಕೊಂಡು ಆಸ್ಪತ್ರೆಗೆ ಬಂದ. ಗೇಟಿನಲ್ಲಿ ಎಂದಿನ ಹಾಗೆ ಕೂಗಲಿಲ್ಲ. ಒಳಗೆ ಬಂದು ನನ್ನ ಮುಂದೆ ನಿಂತು, "ನರ್ಸಮ್ಮ, ಬಿರ್ನೆ ನೋಡಿ. ನಾನೇ ಒಡ್ದೆ" ಎಂದ.

ಡಾಕ್ಟರು ಏನೂ ಮಾಡುವ ಹಾಗಿರಲಿಲ್ಲ. ಸಂಜೆಯೊಳಗೆ ಆ ಮನುಷ್ಯ ಹೋಗಿಬಿಟ್ಟ.

ಗಾಡಿಯಣ್ಣ ಆಸ್ಪತ್ರೆಯ ಜಗಲಿಯ ಕಂಬಕ್ಕೆ ಒರಗಿ ಕೂತೇ ಇದ್ದ. ಪೊಲೀಸರು ಬಂದರು. ದಫೇದಾರರು ವಯಸ್ಸಾದವರು, ಜೋರು ಬಾಯಿಯಾದರೂ ಕೆಟ್ಟವರಲ್ಲ. ನೋಡಿದವರ ಹೇಳಿಕೆಗಳನ್ನು ಅಡ್ಡೆಯಲ್ಲೇ ಬರೆದುಕೊಂಡು ಬಂದಿದ್ದರು. ಗಾಡಿಯಣ್ಣನ ಅಂಗೈ ಗೂಟದ ಸಿಬಿರು ಹೊಕ್ಕು ಹರಿದಿತ್ತು, ತೋಳಿನವರೆಗೆ ರಕ್ತ. ಡಾಕ್ಟರು ಅಂಗಿ ಬಿಚ್ಚಿಸಿದರು. ಎದೆಗೆ ಬಿಗಿಯಾಗಿ ಸುತ್ತಿದ್ದ ಬಟ್ಟೆ ಕಂಡಿತು. ಡಾಕ್ಟರು ನನ್ನ ಮುಖ ನೋಡಿದರು, ನಾನು ನೆಲ ನೋಡಿದೆ. ಅವರು ಎದ್ದು ಹೊರಗೆ ಹೋಗಿ ದಫೇದಾರರಿಗೆ ಹೇಳಿದರು.

ಸ್ವಲ್ಪ ಹೊತ್ತಿನ ಮೇಲೆ ದಫೇದಾರರು ಹೇಳಿಕೆಯ ಹಾಳೆಗಳನ್ನು ಹಿಡಿದುಕೊಂಡು ನನ್ನ ಹತ್ತಿರ ಬಂದರು. ಹಣೆ ಬೆವತಿತ್ತು. "ಇದೇನಮ್ಮಾ ಗ್ರಾಚಾರ? ನೋಡ್ದೋರೆಲ್ಲ ಅವ್ನು ಒಡ್ದ, ಅವ್ನು ಒಡ್ದ ಅಂತ್ಲೇ ಏಳವ್ರೆ. ಈಗ ಡಾಕ್ಟ್ರು ಎಂಗಸು ಅಂತ ಬರ್ದ್ ಕೊಡ್ತೀನಿ ಅಂತಾರೆ. ನಾನ್ ಏನಂತ ಬರ್ಕಳ್ಳಿ?"

ನಾನು, "ನೋಡಿದವರು ಹೇಳಿದ ಹಾಗೆ ಬರೆಯಿರಿ. ಹೊಡೆದದ್ದಂತೂ ನಿಜ ತಾನೆ?" ಎಂದೆ.

"ಅಂಗಾಗಾಕಿಲ್ಲ ತಾಯಿ. ಸಾಹೇಬ್ರು ಉಗೀತಾರೆ" ಎಂದು ಅಲ್ಲೇ ಬೆಂಚಿನ ಮೇಲೆ ಕೂತರು. ನಮ್ಮ ಭಾಷೆಯಲ್ಲಿ ಗಂಡು ಹೆಣ್ಣು ಎಂಬುದು ಪ್ರತಿ ವಾಕ್ಯದ ಬಾಲದಲ್ಲೂ ಕೂತಿರುತ್ತದೆ. ಬಂದನು, ಕಿತ್ತನು, ಹೊಡೆದನು... ಅವರು ಒಂದೊಂದನ್ನೂ ಹುಡುಕಿ ಹುಡುಕಿ ಹೊಡೆದುಹಾಕಿ, ಮೇಲೆ ಬಂದಳು, ಕಿತ್ತಳು, ಹೊಡೆದಳು ಎಂದು ತಿದ್ದುತ್ತಿದ್ದರು. ಒಳಗಿನ ಕೋಣೆಯಲ್ಲಿ ಹೆಣ. ಅದರ ಮೇಲೆ ಹೊದಿಸಿದ ಬಟ್ಟೆಯನ್ನು ಸರಿಮಾಡಲು ನಾನು ಹೋಗಿ ಬಂದರೂ ಅವರಿನ್ನೂ ತಿದ್ದುತ್ತಲೇ ಇದ್ದರು.

ಪಂಚೆಯಲ್ಲಿ ಹಾಸನಕ್ಕೆ ಕಳಿಸುವ ಹಾಗಿಲ್ಲ ಎಂದಾಯಿತು. ದಫೇದಾರರ ಮನೆಯಿಂದ ಒಂದು ಹಳೆಯ ಸೀರೆ ಬಂತು. ಬಾಗಿಲು ಮುಚ್ಚಿ ಗಾಡಿಯಣ್ಣನ ಕೈಗೆ ಕೊಟ್ಟೆ. ಅವನು ಮಡಿಕೆ ಬಿಡಿಸಿ, ಆ ತುದಿ ಈ ತುದಿ ನೋಡಿ, ಬ್ಯಾಂಡೇಜು ಸುತ್ತಿದ ಕೈಯಲ್ಲಿ ಹಿಡಿದುಕೊಂಡು ನಿಂತ.

"ಇದ್ನ ಉಡೋದೆಂಗೆ ನರ್ಸಮ್ಮ? ನಂಗ್ ಗೊತ್ತಿಲ್ವಲ್ಲ."

ನಾನೇ ಉಡಿಸಿದೆ. ಸಣ್ಣ ಮಗುವಿನ ಹಾಗೆ ಕೈ ಎತ್ತಿಕೊಂಡು ನಿಂತಿದ್ದ. ನೆರಿಗೆ ಹಿಡಿದು ಸೊಂಟಕ್ಕೆ ಸಿಕ್ಕಿಸಿದೆ. ಕೊಲೆ ಮಾಡಿ ಬಂದಾಗಲೂ ಅಳದವನು ಆಗ ಅತ್ತ.

ಎರಡು ದಿನಕ್ಕೆ ಪೇಪರಿನಲ್ಲಿ ಬಂತು. ಅದಕ್ಕೆ ಮುಂಚೆ ಹಾಸನದಿಂದ ಒಬ್ಬ ವರದಿಗಾರ ಬಸ್ಸಿನಲ್ಲಿ ಬಂದು ಆಸ್ಪತ್ರೆಯಲ್ಲಿ ನನ್ನನ್ನು ಹಿಡಿದಿದ್ದ. ವಿದ್ಯಾವಂತ ಹುಡುಗ, ವಿನಯದ ಮಾತು. ಎದೆಗೆ ಯಾವ ಬಟ್ಟೆ ಕಟ್ಟಿದ್ದಳು, ದನಿ ಹೇಗಿತ್ತು, ಮೀಸೆ ಇತ್ತೇ, ಮನೆಯಲ್ಲಿ ಹೆಂಗಸರನ್ನು ಇಟ್ಟುಕೊಂಡಿದ್ದಳೇ, ಇವೇ ಪ್ರಶ್ನೆ. "ಸತ್ತವರ ವಿಷಯ ಏನೂ ಕೇಳುವುದಿಲ್ಲವೇ?" ಎಂದೆ. ಅವನು ನನಗೆ ತಿಳಿಹೇಳುವ ಹಾಗೆ ಹೇಳಿದ: "ಕುಡಿದ ಜಗಳದ ಕೊಲೆ ಎಲ್ಲಾ ಊರಲ್ಲೂ ಆಗುತ್ತೆ ಸಿಸ್ಟರ್. ಇದು ಹಾಗಲ್ಲ."

'ಗಂಡು ವೇಷದ ಹೆಂಗಸಿನಿಂದ ಭೀಕರ ಕೊಲೆ' ಎಂದು ಒಂದು ಪತ್ರಿಕೆ. ಇನ್ನೊಂದರಲ್ಲಿ 'ಹೊಳೆನರಸೀಪುರದ ಗಂಡುಬೀರಿ'. ಅದೇ ಪುಟದ ಕೆಳಗಡೆ, ಚನ್ನರಾಯಪಟ್ಟಣದ ಹತ್ತಿರ ಯಾರೋ ಒಬ್ಬ ಹೆಂಡತಿಯನ್ನು ಮಚ್ಚಿನಿಂದ ಕೊಚ್ಚಿ ಹಾಕಿದ್ದು ನಾಲ್ಕು ಸಾಲಿನಲ್ಲಿ ಬಂದಿತ್ತು. ಅದರ ತಲೆಯ ಮೇಲೆ ಬರೀ 'ಕೊಲೆ' ಎಂದಿತ್ತು. ಗಂಡಸಿನಿಂದ ಕೊಲೆ ಎಂದು ಯಾರೂ ಬರೆದಿರಲಿಲ್ಲ.

ಕಥೆ ಬೆಳೆಯಿತು. ವಾರದೊಳಗೆ ಅವನು ದರೋಡೆಕೋರರ ಗುಂಪಿನವಳಾದಳು, ಮಾಟಗಾತಿಯಾದಳು, ಹಿಂದೆಯೂ ಎಷ್ಟೋ ಗಂಡಸರನ್ನು ಮುಗಿಸಿದವಳಾದಳು. ಹಾಸನದ ಬಸ್ಸಿನಲ್ಲಿ ಬಂದವರು ಅವನ ಮನೆ ಯಾವುದೆಂದು ನಮ್ಮ ಬೀದಿಯಲ್ಲಿ ಕೇಳಿ, ಬೀಗ ಹಾಕಿದ ಬಾಗಿಲ ಸಂದಿಯಲ್ಲಿ ಇಣುಕಿ ಹೋಗುತ್ತಿದ್ದರು. ವರ್ಷಗಟ್ಟಲೆ ಅಣ್ಣಾ ಅಣ್ಣಾ ಎಂದು ಮೂಟೆ ಸಾಗಿಸಿಕೊಂಡ ಅಂಗಡಿಯವರೇ ನಮಗೆ ಮೊದಲೇ ಅನುಮಾನವಿತ್ತು ಎಂದರು. ಬಿದ್ದವನನ್ನು ಅವನೇ ಆಸ್ಪತ್ರೆಗೆ ತಂದನೆಂಬುದು ಯಾವ ಪತ್ರಿಕೆಯಲ್ಲೂ ಬರಲಿಲ್ಲ.

ಒಂದು ದಿನ ಸತ್ತವನ ಹೆಂಡತಿ ಆಸ್ಪತ್ರೆಗೆ ಬಂದಳು. ಸೊಂಟದಲ್ಲಿ ಮಗು, ಕೈಯಲ್ಲಿ ಆ ಪೇಪರು. ಯಾರೋ ಕೊಟ್ಟರಂತೆ, ನಿನ್ನ ಗಂಡನ ವಿಷಯ ಬಂದಿದೆ ಎಂದು.

"ಓದವ್ವ. ನಮ್ಮೋರ್ ಇಸ್ಯ ಎಲ್ಲೈತೆ?"

ನಾನು ಓದಲಾರಂಭಿಸಿದೆ. ಪಂಚೆ, ಅಂಗಿ, ಬೀಡಿ, ಕ್ರಾಪು, ಎದೆಯ ಬಟ್ಟೆ... ಅವಳು ಕಾಯುತ್ತಿದ್ದಳು. ಕಟ್ಟಕಡೆಯಲ್ಲಿ, ಹತನಾದವನು ಹಳೇಕೋಟೆ ಕಡೆಯ ಒಬ್ಬ ಕೂಲಿ ಎಂದಿತ್ತು. ಹೆಸರೂ ತಪ್ಪಾಗಿತ್ತು. ಪೇಪರು ಮಡಿಸಿ ಅವಳ ಕೈಗೆ ಕೊಟ್ಟೆ.

"ಅಷ್ಟೇನಾ?" ಎಂದಳು.

"ಅಷ್ಟೇ ಕಣಮ್ಮ."

"ಅಲ್ಲಾ... ಸತ್ತೋನು ನನ್ ಗಂಡ. ಯಾವ್ ಮಗ್ಗುಲಿಗ್ ಓದ್ರೂ ಜನ ಅದು ಎಂಗಿತ್ತು, ಏನ್ ಉಟ್ಕಂಡಿತ್ತು ಅಂತ್ಲೇ ಕೇಳ್ತಾರೆ. ನನ್ ಗಂಡ ಎಂಗಿದ್ದ ಅಂತ ಒಬ್ಬ್ ಮಗಾನೂ ಕೇಳ್ನಿಲ್ಲ ಕಣವ್ವ." ಮಗು ಪೇಪರು ಕಿತ್ತುಕೊಂಡು ಬಾಯಿಗೆ ಹಾಕಿಕೊಳ್ಳುತ್ತಿತ್ತು. ಅವಳು ಅದನ್ನು ಬಿಡಿಸಿ, ಮುದ್ದೆ ಮಾಡಿ, ಜಗಲಿಯಿಂದ ಆಚೆಗೆಸೆದು ಹೋದಳು.

ಹಾಸನದ ಕೋರ್ಟಿನಲ್ಲಿ ನನ್ನನ್ನೂ ಸಾಕ್ಷಿಗೆ ಕರೆದರು. ಗಾಡಿಯಣ್ಣ ಕಟಕಟೆಯಲ್ಲಿದ್ದ. ಅದೇ ಸೀರೆ. ಕೂದಲು ಕಿವಿ ಮುಚ್ಚುವಷ್ಟು ಬೆಳೆದಿತ್ತು. ಮೂಟೆ ಹೊರುವವನೊಬ್ಬ ಸಾಕ್ಷಿ ಹೇಳಲು ನಿಂತು, "ಅವ್ನೇ ಸಾ ಒಡ್ದಿದ್ದು, ಗಾಡಿಯಣ್ಣ" ಎಂದ. ಸರ್ಕಾರಿ ವಕೀಲರು, "ಅವನಲ್ಲ, ಅವಳು ಅನ್ನು" ಎಂದು ತಿದ್ದಿದರು. "ಊಂ ಸಾ. ಅವ್ಳು... ಅವ್ನು..." ಎಂದು ಅವನು ತಡವರಿಸಿದ. ಕೋರ್ಟು ತುಂಬಿದ್ದ ಜನ ಗೊಳ್ಳೆಂದು ನಕ್ಕರು. ಸತ್ತವನ ಹೆಂಡತಿ ಗೋಡೆಗೊರಗಿ ಕೂತಿದ್ದಳು. ಅವಳೊಬ್ಬಳು ನಗಲಿಲ್ಲ. ಗಾಡಿಯಣ್ಣನೂ ತಲೆ ಎತ್ತಲಿಲ್ಲ.

ಅವನ ಕಡೆಗೆ ಸರ್ಕಾರವೇ ಒಬ್ಬ ಯುವ ವಕೀಲರನ್ನು ಕೊಟ್ಟಿತ್ತು. ಒಳ್ಳೆಯವರು. ಮಧ್ಯಾಹ್ನ ಕೋರ್ಟು ಬಿಟ್ಟಾಗ ಜಗಲಿಯಲ್ಲಿ ಅವನಿಗೆ ನನ್ನ ಎದುರಿಗೇ ಹೇಳಿದರು. "ನೋಡು, ಪಂಚೆಗೆ ಕೈ ಹಾಕಿದ್ದನ್ನ ಸಾಕ್ಷಿಗಳೇ ಒಪ್ಪಿಕೊಂಡಿದ್ದಾರೆ. ನೀನು ಒಂದೇ ಮಾತು ಹೇಳು. ನಾನು ಹೆಣ್ಣು, ಮಾನಕ್ಕೆ ಹೆದರಿ ಹೊಡೆದೆ, ಆಮೇಲೆ ಏನಾಯ್ತೋ ಗೊತ್ತಿಲ್ಲ ಅನ್ನು. ಬಿಟ್ಟರೂ ಬಿಡಬಹುದು."

ನಾನೂ ಬೇಡಿಕೊಂಡೆ. "ಹೇಳಣ್ಣ. ಹೇಳಿಬಿಡು."

"ಅಂಗಂದ್ರೆ ನನ್ನ ಬುಟ್ಬುಡ್ತಾರಾ ಸಾಮಿ?"

"ಬಿಡೋ ಸಾಧ್ಯತೆ ಇದೆ."

"ಆಮ್ಯಾಕೆ ಎಂಗ್ ಬಾಳ್ಲಿ, ಅದಾಗಿ?" ಎಂದ. ವಕೀಲರಿಗೆ ಅರ್ಥವಾಯಿತೋ ಇಲ್ಲವೋ. ಅವರು ಕಾಗದ ಜೋಡಿಸಿಕೊಂಡು ಒಳಗೆ ಹೋದರು.

ನ್ಯಾಯಾಧೀಶರು ಕೇಳಿದಾಗ ಅವನು ಕಟಕಟೆಯ ಸರಳು ಹಿಡಿದು ಎದ್ದು ನಿಂತ. ಮಾತು ಹೊರಟದ್ದು ಅವರ ಕಡೆಗಲ್ಲ, ಗೋಡೆಗೊರಗಿದ್ದ ಹೆಂಗಸಿನ ಕಡೆಗೆ.

"ಒಡ್ದಿದ್ದು ನಾನು. ಮೊದಲ್ನೇ ಏಟು ಅವ್ನು ಕೈ ಆಕಿದ್ಕೆ. ಎಲ್ಡ್ನೇ ಏಟ್ ಒತ್ಗೆ ಅವ್ನು ಬಿದ್ದೋಗಿದ್ದ. ಅದು ಬ್ಯಾಡದಾಗಿತ್ತು. ಅದು ನಂದೇ ತಪ್ಪು ಕಣವ್ವ."

ವಕೀಲರು ಎದ್ದು ಏನೋ ಹೇಳಹೋದರು. ನ್ಯಾಯಾಧೀಶರು ಕೈ ತೋರಿಸಿ ಕೂರಿಸಿದರು. ಮುಂದಕ್ಕೆ ಬಾಗಿ, ಸಮಾಧಾನವಾಗಿಯೇ, "ನೀನು ಹೆಂಗಸು. ಅದನ್ನಾದರೂ ಒಪ್ಪುತ್ತೀಯೋ ಇಲ್ಲವೋ?" ಎಂದರು.

"ನಾನು ಗಾಡಿ ಒಡಿಯೋನು ಬುದ್ಧಿ" ಎಂದ.

ಮತ್ತೆ ನಗು. ಗುಮಾಸ್ತರು ಬರೆದುಕೊಂಡದ್ದನ್ನು ಓದಿ ಹೇಳಿದರು: ನಾನು ಗಾಡಿ ಹೊಡೆಯುವವಳು. ಅವನು ಅದಕ್ಕೇ ಹೆಬ್ಬೆಟ್ಟು ಒತ್ತಿದ.

ಏಳು ವರ್ಷ ಸಜೆಯಾಯಿತು. ಹೆಂಗಸರ ಜೈಲು. ಹೋಗುವ ಮುಂಚೆ, ಎತ್ತು ಗಾಡಿಯನ್ನು ಆ ಮಗುವಿನ ತಾಯಿಗೆ ಕೊಟ್ಟುಬಿಡಿ ಎಂದು ನನಗೆ ಹೇಳಿದ. ಹೇಳಿ ಕಳಿಸಿದೆ. ಅವಳ ಮೈದುನ ಬಂದು ಎತ್ತುಗಳನ್ನು ಹೊಡೆದುಕೊಂಡು ಹೋದ. ಗಾಡಿ ಬೇಡ ಎಂದಳಂತೆ. ಅದು ನಮ್ಮ ಬೀದಿಯಲ್ಲೇ ಬಿಸಿಲಿಗೆ ಬಿರಿದು, ಮಳೆಗೆ ನೆನೆದು, ಗೆದ್ದಲು ಹತ್ತಿತು.

ಆಮೇಲೆ ನನಗೆ ಅರಕಲಗೂಡಿಗೆ ವರ್ಗವಾಯಿತು. ಎಪ್ಪತ್ತರ ದಶಕ ಶುರುವಾಗಿತ್ತು. ಹೊಗೆಸೊಪ್ಪು ಬೇಯಿಸುವ ಕಡೆ ಕೂಲಿ ಮಾಡುವ ಹೆಂಗಸರು ಕೆಮ್ಮಿಕೊಂಡು ಆಸ್ಪತ್ರೆಗೆ ಬರುತ್ತಿದ್ದರು. ಒಂದು ದಿನ ಆ ಸಾಲಿನಲ್ಲಿ ಕಡೆಗೆ ಕೂತಿದ್ದ ಮುದುಕಿಯ ಅಂಗೈಯಲ್ಲಿ, ಗೂಟದ ಸಿಬಿರು ಹೊಕ್ಕಿದ್ದ ಕಡೆಯ ಗಾಯದ ಗೆರೆ ನೋಡಿದೆ. ಹೊಲಿಗೆ ಹಾಕುವಾಗ ಹಿಡಿದಿದ್ದವಳು ನಾನೇ.

"ಗಾಡಿಯಣ್ಣ?"

ಬಿಳಿ ಕೂದಲಿನ ತುರುಬು. ಸೀರೆಯನ್ನು ಈಗ ಸರಿಯಾಗಿ ಉಡಲು ಕಲಿತಿದ್ದ. ತಲೆ ಅಲ್ಲಾಡಿಸಿದ. "ಅಂಗ್ ಕರೀಬ್ಯಾಡ ಕಣವ್ವ. ಇಂಗಿದ್ರೆ ಯಾರೂ ತಿರ್ಗಿ ನೋಡಾಕಿಲ್ಲ. ನಂಗೆ ಅಷ್ಟಾದ್ರೆ ಸಾಕು."

ಎದೆಯೊಳಗೆಲ್ಲ ಹಾಳಾಗಿತ್ತು. ಹೆಂಗಸರ ವಾರ್ಡಿನಲ್ಲಿ ಒಂದು ತಿಂಗಳ ಮೇಲೆ ಇದ್ದ. ಹೆಚ್ಚು ಮಾತಾಡುತ್ತಿರಲಿಲ್ಲ. ಜೈಲಿನ ವಿಷಯ ಕೇಳಿದರೆ, "ಒಳಗಿರೋರು ಪರವಾಗಿಲ್ಲ, ನೋಡಾಕ್ ಬರೋರ್ದೇ ಕಾಟ" ಎಂದಿದ್ದ, ಅಷ್ಟೇ. ಹೊರಗೆ ರಸ್ತೆಯಲ್ಲಿ ಗಾಡಿ ಹೋದರೆ ಕಣ್ಣು ಮುಚ್ಚಿ ಕೇಳಿಸಿಕೊಂಡು, "ಎಡಗಡೆ ಗಾಲಿ ಸಡ್ಲ ಆಗೈತೆ" ಎನ್ನುತ್ತಿದ್ದ. ಒಂದು ಬೆಳಗ್ಗೆ ನಾನು ಗಂಜಿ ತೆಗೆದುಕೊಂಡು ಹೋದಾಗ ಮುಗಿದಿತ್ತು. ಹೆಣ ಕೇಳಲು ಯಾರೂ ಬರಲಿಲ್ಲ. ಪುರಸಭೆಯವರು ಒಬ್ಬ ಅನಾಥ ಹೆಂಗಸೆಂದು ಮಣ್ಣು ಮಾಡಿದರು. ನಾನೊಂದು ಹಿಡಿ ಮಣ್ಣು ಹಾಕಿದೆ.

ಆ ವಾರ ಬಸ್ಸು ಹತ್ತಿ ಹಳೇಕೋಟೆಯ ಕಡೆ ಹೋದೆ. ಯಾಕೆ ಹೋದೆನೆಂದು ಈಗಲೂ ಹೇಳಲಾರೆ. ಯಾರಿಗಾದರೂ ಹೇಳಬೇಕಿತ್ತು, ಹೇಳಲು ಇನ್ನಾರೂ ಇರಲಿಲ್ಲ. ಅವಳು ಕಣದಲ್ಲಿ ರಾಗಿ ತೂರುತ್ತಿದ್ದಳು. ಮಗು ದೊಡ್ಡವನಾಗಿ ಹುಲ್ಲು ಹೊರುತ್ತಿದ್ದ. ನನ್ನ ಗುರುತು ಹಿಡಿದು ಮೊರ ಕೆಳಗಿಟ್ಟಳು. ಅರಕಲಗೂಡಿನ ಆಸ್ಪತ್ರೆಯಲ್ಲಿ ತೀರಿಕೊಂಡಿತಮ್ಮ ಎಂದೆ. ಅವನು ಎನ್ನಲೂ ಬಾಯಿ ಬರಲಿಲ್ಲ, ಅವಳು ಎನ್ನಲೂ ಬರಲಿಲ್ಲ.

"ಸತ್ನಾ?" ಎಂದಳು.

ನಾನು ಅವಳ ಮುಖವನ್ನೇ ನೋಡಿದೆ. ಎಷ್ಟೋ ವರ್ಷದ ಮೇಲೆ ಅವನ ಬಗ್ಗೆ ಆ ಥರ ಮಾತಾಡಿದ್ದನ್ನು ಕೇಳಿದ್ದು ಅವತ್ತೇ.

ಅವಳಿಗೆ ಅದು ತಿಳಿಯಿತು. ಸೆರಗಿನಲ್ಲಿ ಮುಖದ ಧೂಳು ಒರೆಸಿಕೊಂಡು ಹೇಳಿದಳು: "ಕ್ವಾಪ ಈಗ್ಲೂ ಐತೆ ಕಣವ್ವ, ಸುಳ್ಳ್ಯಾಕೆ ಏಳ್ಳಿ. ಆದ್ರೆ ತನ್ ಗಾಡೀಲಿ ನನ್ನ ಆಸ್ಪತ್ರೆಗ್ ಕರ್ಕಂಡ್ ಓಗಿ ಉಳ್ಸಿದೋನೂ ಅವ್ನೇ. ನನ್ ಗಂಡನ್ನ ಒಡ್ದೋನೂ ಅವ್ನೇ. ಪೇಪರ್ನಾಗೆ ಬಂದ್ಳಲ್ಲ, ಅವ್ಳು ಯಾರೋ ನಂಗೊತ್ತಿಲ್ಲ."

ಮತ್ತೆ ಮೊರ ಎತ್ತಿಕೊಂಡಳು. ಗಾಳಿ ಚೆನ್ನಾಗಿತ್ತು, ಅದು ನಿಲ್ಲುವುದರೊಳಗೆ ತೂರಿ ಮುಗಿಸಬೇಕಿತ್ತು.

ಈಗ ಅವಳೂ ಇಲ್ಲ. ಡಾಕ್ಟರು, ದಫೇದಾರರು, ಆ ಯುವ ವಕೀಲರು, ಯಾರೂ ಇಲ್ಲ. ಅರಕಲಗೂಡಿನಲ್ಲಿ ಅವನನ್ನು ಮಣ್ಣು ಮಾಡಿದ ಜಾಗದಲ್ಲಿ ಮನೆಗಳೆದ್ದಿವೆ. ಹೋಗಿ ಹುಡುಕಿದರೂ ಇಂಥದ್ದೇ ಕಡೆ ಎಂದು ನಾನು ತೋರಿಸಲಾರೆ. ಎಂಬತ್ತು ದಾಟಿದ ನನಗೆ ಬೆಳಗಿನ ಪೇಪರಿನ ಅಕ್ಷರ ಕಾಣುವುದಿಲ್ಲ, ತಂಗಿಯ ಮೊಮ್ಮಗಳು ಓದಿ ಹೇಳುತ್ತಾಳೆ. ಕೊಲೆಯ ಸುದ್ದಿ ಬಂದರೆ ಮೊದಲು ಸತ್ತವರ ಹೆಸರು ಓದು ಎನ್ನುತ್ತೇನೆ. ಅವಳು ಹುಡುಕುತ್ತಾಳೆ. ಎಷ್ಟೋ ಸಲ ಕೊನೆಯವರೆಗೂ ಹುಡುಕಬೇಕಾಗುತ್ತದೆ. ಗಾಡಿಯಣ್ಣನನ್ನು ಅಣ್ಣಾ ಎಂದು ಕರೆದ ಬಾಯಿಗಳಲ್ಲಿ ಇನ್ನು ಉಳಿದಿರುವುದು ಬಹುಶಃ ನನ್ನದೊಂದೇ...